ಎರಡು ಎಕ್ಕ ಹಿಡಿದು ಸೋತ ಮೇಲೆ ಈಕ್ವಿಲ್ಯಾಬ್ ಹಾಕಿಕೊಂಡೆ

ಹದಿನೈದು ದಿನಕ್ಕೊಮ್ಮೆ ಶನಿವಾರ ಅಕ್ಕನ ಮನೆಯಲ್ಲಿ ನಮ್ಮ ಪೋಕರ್. ದುಡ್ಡು ಕಟ್ಟೋದಿಲ್ಲ, ಬರೀ ಚಿಪ್ಸ್. ಗೆದ್ದವರ ಹೆಸರು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆಯುತ್ತೇವೆ, ಅಷ್ಟೇ.

ಒಂದು ಸಲ ಬ್ಲೈಂಡ್ (ಎಲೆ ನೋಡೋ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್) 100-200 ನಡೀತಿತ್ತು, ಅದರಲ್ಲಿ 200 ಬಿಗ್ ಬ್ಲೈಂಡ್. ನನ್ನ ಹತ್ತಿರ 6,000. ಭಾವನ ಹತ್ತಿರ ಉಳಿದಿದ್ದು 1,600, ಅಂದರೆ ಎಂಟೇ ಬಿಗ್ ಬ್ಲೈಂಡ್. ನನಗೆ ಎರಡು ಎಕ್ಕ ಬಂತು. ರೇಸ್ ಮಾಡಿದರೆ, ಅಂದರೆ ಮೊತ್ತ ಏರಿಸಿದರೆ, ಎಲ್ಲರೂ ಎಲೆ ಬಿಟ್ಟುಬಿಡ್ತಾರೆ ಅಂತ ಸುಮ್ನೆ ಕಾಲ್ ಮಾಡಿದೆ, ಇದ್ದಷ್ಟೇ 200 ಹಾಕಿದೆ. ಭಾವನೂ ಸೇರಿ ನನ್ನೆದುರು ಮೂರು ಜನ ಉಳಿದರು. ಬಿಗ್ ಬ್ಲೈಂಡಿನಲ್ಲಿದ್ದ ಅವರು ಒಂಬತ್ತು-ಏಳು ಹಿಡಿದು ಪುಕ್ಕಟೆ ಫ್ಲಾಪ್ (ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡಿದರು. ಎರಡು ಜೋಡಿ ಆಯಿತು. ನನ್ನ ಎಕ್ಕ ಹೋಯಿತು.

ಮಾರನೇ ದಿನ ಈಕ್ವಿಲ್ಯಾಬ್ ಹಾಕಿಕೊಂಡೆ. ಪೋಕರ್‌ಸ್ಟ್ರಾಟಜಿ ಜಾಲತಾಣದವರ ಉಚಿತ ತಂತ್ರಾಂಶ, ನಾನು ಬಳಸೋದು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ. ನಿಮ್ಮ ಎಲೆ, ಎದುರಿನವರ ಎಲೆ ಹಾಕಿದರೆ ಯಾರ ಪಾಲು ಎಷ್ಟು ಅಂತ ಶೇಕಡಾದಲ್ಲಿ ಹೇಳುತ್ತದೆ. ಎಕ್ಕದ ಜೋಡಿಗೆ ಎದುರು ಒಬ್ಬರೇ ಇದ್ದು, ಅವರ ಕೈಯಲ್ಲಿ ಯಾವ ಎಲೆಯಾದರೂ ಇರಬಹುದು ಎಂದಾಗ 85. ಇಬ್ಬರಾದರೆ 73. ಮೂವರಾದರೆ 64. 85ರಿಂದ 64ಕ್ಕೆ ಇಳಿದದ್ದು, ಒಂದು ಸೋಮಾರಿ ಕಾಲ್‌ನಿಂದ ನಾನೇ ಕೈಯಾರೆ ಕಳೆದುಕೊಂಡ ಪಾಲು.

ಈಗ ಅಂಥ ಕೈಗೆ 400 ಅಥವಾ 450ಕ್ಕೆ ರೇಸ್ ಮಾಡುತ್ತೇನೆ. ಒಮ್ಮೆಲೇ ಎಲ್ಲಾ ತಳ್ಳೋದಿಲ್ಲ. ಕಡಿಮೆ ಚಿಪ್ಸ್ ಇರುವವರಿಗೆ ತಾವೇ ಆಲ್-ಇನ್ ಹೋಗಲು, ಅಂದರೆ ಇದ್ದಷ್ಟೂ ಚಿಪ್ಸ್ ತಳ್ಳಲು, ಜಾಗ ಬೇಕು. ಉಳಿದವರಿಗೆ ಅಗ್ಗದಲ್ಲಿ ಫ್ಲಾಪ್ ಸಿಗಬಾರದು.

ನನಗೆ ಜಾಸ್ತಿ ಇಷ್ಟವಾಗಿದ್ದು ಈಕ್ವಿಲ್ಯಾಬ್‌ನ ಚೌಕಟ್ಟು. ಹದಿಮೂರಕ್ಕೆ ಹದಿಮೂರು ಮನೆ, ಒಂದೊಂದು ಮನೆಯೂ ಎರಡೆಲೆಯ ಒಂದು ಕೈ, ಒಟ್ಟು 169 ಬಗೆ. ಭಾವ ಕೊನೇ ಹಂತದಲ್ಲಿ ಯಾವುದಕ್ಕೆ ಆಲ್-ಇನ್ ಹೋಗ್ತಾರೆ ಅಂತ ನೆನಪಿಸಿಕೊಂಡು ಒಂದೊಂದೇ ಮನೆ ಒತ್ತಿದೆ. ಎಲ್ಲಾ ಜೋಡಿ, ಎಕ್ಕ ಇರುವ ಯಾವುದೇ ಕೈ, ರಾಜ-ರಾಣಿ-ಗುಲಾಮರಲ್ಲಿ ಯಾವ ಎರಡಾದರೂ. ಅದಕ್ಕೆ ಎದುರು ಗುಲಾಮನ ಜೋಡಿ ಇಟ್ಟೆ. ಸುಮಾರು 66! ಮೂರರಲ್ಲಿ ಎರಡು ಸಲ ನಾನೇ. ಇಷ್ಟು ದಿನ ಆ ಕೈ ಹಿಡಿದು ಎಷ್ಟು ಹೊತ್ತು ಯೋಚಿಸ್ತಿದ್ದೆ.

ಯಾರ ಮುಂದೆ ಎಷ್ಟು ಚಿಪ್ಸ್ ಇದೆ ಅನ್ನೋದು ಇದರ ಲೆಕ್ಕಕ್ಕೆ ಬರೋದಿಲ್ಲ. ಆ ಲೆಕ್ಕ ನೀವೇ ಹಾಕಬೇಕು. ನಾಲ್ಕರ ಜೋಡಿ ಹಿಡಿದು ಭಾವನ 400ಕ್ಕೆ ಕಾಲ್ ಮಾಡಬೇಕಾ? ಫ್ಲಾಪಿನಲ್ಲಿ ಮೂರನೇ ನಾಲ್ಕು ಸಿಗೋದು ಶೇಕಡಾ 12ರಷ್ಟು, ಎಂಟೂವರೆ ಸಲಕ್ಕೆ ಒಮ್ಮೆ. ಸಿಕ್ಕರೂ 1,600ರಲ್ಲಿ ಅವರ ಹತ್ತಿರ ಇನ್ನು ಉಳಿದಿರೋದು 1,200, ಅದನ್ನೆಲ್ಲ ಗೆದ್ದರೂ ಸಿಗದ ಸಲಗಳ ನಷ್ಟ ತುಂಬೋದಿಲ್ಲ. ಅಂಥ ಕೈಯನ್ನು ಈಗ ಬಿಡುತ್ತೇನೆ.

ಹೋದ ಶನಿವಾರ ಗುಲಾಮನ ಜೋಡಿ ಬಂತು. ಭಾವ 1,400 ತಳ್ಳಿದರು. ತಕ್ಷಣ ಕಾಲ್ ಮಾಡಿದೆ. ಎಕ್ಕ-ಆರು ತೋರಿಸಿದರು, ಎಕ್ಕ ಬರಲಿಲ್ಲ. "ಇಷ್ಟು ಬೇಗ ಹೇಗೆ ಹೇಳಿದ್ಯೋ?" ಅಂದರು. ಲ್ಯಾಪ್‌ಟಾಪ್ ತೆಗೆದು ಅವರದೇ ಚೌಕಟ್ಟು ತೋರಿಸಿದೆ.