ಮರದ ಸರ್ಫ್‌ಬೋರ್ಡ್: ಮೂರು ಮಳೆಗಾಲ ಕಳೆದ ಮೇಲೆ

ಮೂಲ್ಕಿ ಹತ್ತಿರದ ಸಣ್ಣ ಶೆಡ್ಡೊಂದರಲ್ಲಿ ಕೈಯಿಂದಲೇ ಮಾಡಿದ 9 ಅಡಿಯ, ಅಲೆಯ ಮೇಲೆ ನಿಂತು ಜಾರುವ ಬೋರ್ಡ್ ನನ್ನದು. ಮೂರು ವರ್ಷದಿಂದ ಸಸಿಹಿತ್ಲು, ಪಣಂಬೂರು ಬೀಚಿನಲ್ಲಿ ಬಳಸುತ್ತಿದ್ದೇನೆ. ತಗೊಳ್ಳಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಇದರ ಮೇಲೆ ಒಂದು ಸಣ್ಣ ಹಿತ್ತಾಳೆ ತಿರುಪಿದೆ. ಅದನ್ನು ಮರೆಯದವರು ಖಂಡಿತ ತಗೊಳ್ಳಿ.

ಬೋರ್ಡ್ ಒಳಗೆ ಟೊಳ್ಳು. ದೋಣಿಗಿರುವ ಹಾಗೆ ಪ್ಲೈವುಡ್ಡಿನ ಪಕ್ಕೆಲುಬು, ಮೇಲೆ ಪೌಲೋನಿಯಾ ಮರದ ತೆಳು ಪಟ್ಟಿ, ಹೊರಗೆ ಫೈಬರ್ ಬಟ್ಟೆ, ಅದರ ಮೇಲೆ ಗಟ್ಟಿಯಾಗುವ ಎಪಾಕ್ಸಿ ಅಂಟು. ಟೊಳ್ಳು ಬೋರ್ಡಿಗೆ ಅಮೆರಿಕದ ಟಾಮ್ ಬ್ಲೇಕ್ 1932ರಲ್ಲಿ ಪೇಟೆಂಟ್ ಪಡೆದರು. ಅದಕ್ಕೂ ಎಷ್ಟೋ ಮೊದಲಿಂದ ಹವಾಯಿಯವರು ಇಡೀ ಹಲಗೆಯನ್ನೇ ಕೆತ್ತುತ್ತಿದ್ದರು. ಕೋವಾ ಮರ, ಇಲ್ಲವೇ ಹಲಸಿನ ಜಾತಿಯ ಜೀಗುಜ್ಜೆ ಮರ. ಹೌದು, ನಾವು ಪೋಡಿ (ಬಜ್ಜಿ) ಮಾಡಿ ತಿನ್ನುವ ಅದೇ ಜೀಗುಜ್ಜೆ!

ಒಳಗೆ ಬರೀ ಗಾಳಿ. ಬಿಸಿಲಿಗೆ ಅದು ಹಿಗ್ಗುತ್ತದೆ, ಆ ತಿರುಪಿನ ತೂತಿನಿಂದಲೇ ಹೊರಗೆ ಹೋಗಬೇಕು. ಅದಕ್ಕೇ ದಡದಲ್ಲಿ ತಿರುಪು ಸಡಿಲ ಇರಬೇಕು, ನೀರಿಗಿಳಿಯುವ ಮೊದಲು ಬಿಗಿಯಬೇಕು. ಮೊದಲ ವರ್ಷ ಏಪ್ರಿಲ್‌ನಲ್ಲಿ ಬಿಗಿದ ತಿರುಪಿನಲ್ಲೇ ಕಾರಿನ ಮೇಲೆ ಕಟ್ಟಿ ಬಿಸಿಲಿಗೆ ನಿಲ್ಲಿಸಿದ್ದೆ. ಮರುದಿನ ಅಲೆಯಿಂದ ಬಂದು ಬೋರ್ಡ್ ಎತ್ತಿದರೆ ಒಳಗೆ ಗುಳುಗುಳು ಸದ್ದು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ಅಲ್ಲಿಂದ ಹನಿಹನಿಯಾಗಿ ಉಪ್ಪುನೀರು. ಹೊಟ್ಟೆ ಉರಿದುಹೋಯಿತು. ಶೆಡ್ಡಿನ ಅಣ್ಣ ಬಿರುಕಿನ ಮೇಲೆ ಬೆರಳಾಡಿಸಿ, "ಒಣಗಲಿ ಮಾರಾಯ್ರೆ, ಅವಸರ ಮಾಡ್ಬೇಡಿ" ಅಂದರು. ನೆರಳಿನಲ್ಲಿ ಹದಿನೈದು ದಿನ ಒಣಗಿಸಿ, ಕೀಸಿ, ಎಪಾಕ್ಸಿ ತುಂಬಿಕೊಟ್ಟರು. ಆ ಜಾಗ ಈಗಲೂ ಗಟ್ಟಿ. ಆದರೆ ತಿರುಪಿನ ವಿಷಯವನ್ನು ಕೊಡುವಾಗಲೇ ಒಂದು ಚೀಟಿಯಲ್ಲಿ ಬರೆದುಕೊಡಬೇಕಿತ್ತು. ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು.

ತೂಕ ಎಂಟೂವರೆ ಕೆಜಿ. ಹೊತ್ತು ಮರಳಿನಲ್ಲಿ ನಡೆದರೆ ಹೆಗಲು ನೋಯುತ್ತದೆ. ಥಟ್ಟನೆ ತಿರುಗಿಸಲು ಫೋಮ್ ಬೋರ್ಡೇ ವಾಸಿ. ಆದರೆ ಸಸಿಹಿತ್ಲಿನ ಬೆಳಗಿನ ಸಣ್ಣ ಅಲೆಯಲ್ಲಿ ಇದು ಒಮ್ಮೆ ವೇಗ ಹಿಡಿದರೆ ನಿಲ್ಲುವುದೇ ಇಲ್ಲ. ಅಲೆ ಸತ್ತ ಮೇಲೂ ಜಾರುತ್ತಾ ಹೋಗುತ್ತದೆ. ಆ ಜಾರುವಿಕೆ ನನಗೆ ಬೇರೆ ಯಾವ ಬೋರ್ಡಿನಲ್ಲೂ ಸಿಕ್ಕಿಲ್ಲ. ಮರದ ಗೆರೆಗಳೂ ಅಷ್ಟೇ, ಒದ್ದೆಯಾದಾಗ ಜೇನಿನ ಬಣ್ಣಕ್ಕೆ ತಿರುಗುತ್ತವೆ. ಮೂರು ವರ್ಷವಾದರೂ ನೋಡುತ್ತಾ ಕೂರುತ್ತೇನೆ.

ಬೆಲೆ ಜಾಸ್ತಿಯೇ. ಎರಡು ಫೋಮ್ ಬೋರ್ಡಿನ ದುಡ್ಡು ಕೊಟ್ಟೆ, ಐದು ತಿಂಗಳು ಕಾದೆ. ಜೂನ್, ಜುಲೈಯಲ್ಲಿ ಶೆಡ್ಡಿನವರು ಎಪಾಕ್ಸಿ ಮುಟ್ಟುವುದಿಲ್ಲ. ನಮ್ಮೂರಿನ ತೇವದಲ್ಲಿ ಅದು ಸರಿಯಾಗಿ ಗಟ್ಟಿಯಾಗದೆ ಮೇಲೆ ಜಿಡ್ಡು ಕಟ್ಟುತ್ತದೆ. ಬೇಸಿಗೆಗೆ ಬೋರ್ಡ್ ಬೇಕಿದ್ದರೆ ಚೌತಿ ಹೊತ್ತಿಗೆ ಹೇಳಿಡಿ.