ಮುಚ್ಚಿದರೂ ಹೋಗದ ಕುಕೀ: ಫೈರ್‌ಫಾಕ್ಸ್, ಕ್ರೋಮ್, ಎಡ್ಜ್ ಒರೆಗೆ ಹಚ್ಚಿದಾಗ

ಬ್ರೌಸರ್ ಮುಚ್ಚಿದಾಗ ಕುಕೀ (ಲಾಗಿನ್‌ನಂಥದನ್ನು ನೆನಪಿಡಲು ಸೈಟ್‌ಗಳು ನಮ್ಮ ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಪುಟ್ಟ ಮಾಹಿತಿ) ಅಳಿಸುವ ಆಯ್ಕೆ ಈ ಮೂರರಲ್ಲೂ ಇದೆ. ಟಿಕ್ ಹಾಕಿ ಮುಚ್ಚಿ, ಮತ್ತೆ ತೆರೆದರೆ ಲಾಗಿನ್ ಹಾಗೇ ಕೂತಿರುತ್ತದೆ ಅನ್ನುವ ದೂರೂ ಮೂರಕ್ಕೂ ಇದೆ. ಎಲ್ಲರೂ ಬೈಯುವುದು ಅಳಿಸುವ ಕೆಲಸವನ್ನು. ಎಡವಟ್ಟು ಆಗುವುದು ಹೆಚ್ಚಾಗಿ ಮುಚ್ಚುವುದರಲ್ಲಿ: ಕಿಟಕಿ ಹೋಗಿರುತ್ತದೆ, ಪ್ರೋಗ್ರಾಂ ಹೋಗಿರುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಸೆಟಿಂಗ್ಸ್ ಅಲ್ಲ, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್. ವಿಂಡೋಸ್‌ನಲ್ಲಿ ಎಲ್ಲ ಕಿಟಕಿ ಮುಚ್ಚಿ, ಹತ್ತಿಪ್ಪತ್ತು ಸೆಕೆಂಡ್ ಬಿಟ್ಟು ನೋಡಿ. ಬ್ರೌಸರ್ ಹೆಸರು ಪಟ್ಟಿಯಲ್ಲಿ ಇನ್ನೂ ಇದ್ದರೆ ಅಳಿಸುವ ಸರದಿಯೇ ಬಂದಿಲ್ಲ. ಮ್ಯಾಕ್‌ನಲ್ಲಿ ಕೆಂಪು ಗುಂಡಿ ಒತ್ತಿದರೆ ಕಿಟಕಿ ಮಾತ್ರ ಹೋಗುತ್ತದೆ. ಕಮಾಂಡ್ ಮತ್ತು ಕ್ಯೂ ಒಟ್ಟಿಗೆ ಒತ್ತಿದರೆ ಬ್ರೌಸರ್ ನಿಜಕ್ಕೂ ನಿಲ್ಲುತ್ತದೆ.

ಪರೀಕ್ಷೆ ಮಾಡುವಾಗಲೂ ಮೋಸಹೋಗುವುದು ಸುಲಭ. ಹೋಮ್ ಪೇಜ್ ತೆರೆದುಕೊಂಡ ಕ್ಷಣದಲ್ಲೇ ಹೊಸ ಕುಕೀ ಬಂದು ಬೀಳುತ್ತವೆ, ನಾವು ಅವನ್ನು ಹಳೆಯವು ಅಂದುಕೊಳ್ಳುತ್ತೇವೆ. ಹೋಮ್ ಪೇಜನ್ನು ಖಾಲಿ ಪುಟ ಮಾಡಿ, ಇಂಟರ್ನೆಟ್ ಕಡಿದು, ಆಮೇಲೆ ಬ್ರೌಸರ್ ತೆರೆದು ಕುಕೀ ಪಟ್ಟಿ ನೋಡಿದರೆ ಉತ್ತರ ಖಚಿತ. ಅಷ್ಟೂ ಸಾಲದಿದ್ದರೆ ಫೈರ್‌ಫಾಕ್ಸ್ ಪ್ರೊಫೈಲ್ ಫೋಲ್ಡರ್‌ನಲ್ಲಿರುವ (ನಿಮ್ಮ ಸೆಟಿಂಗ್ಸ್, ಕುಕೀ ಎಲ್ಲ ಕೂಡಿಟ್ಟಿರುವ ಜಾಗ) ‘ಕುಕೀಸ್.ಎಸ್‌ಕ್ಯುಲೈಟ್’ ಫೈಲನ್ನು, ಬ್ರೌಸರ್ ಮುಚ್ಚಿದ ಮೇಲೆ ನಕಲು ಮಾಡಿಕೊಂಡು ಯಾವುದಾದರೂ ಎಸ್‌ಕ್ಯುಲೈಟ್ ವ್ಯೂವರ್‌ನಲ್ಲಿ (ಇಂಥ ಡೇಟಾಬೇಸ್ ಫೈಲ್ ತೆರೆದು ತೋರಿಸುವ ಪ್ರೋಗ್ರಾಂ) ತೆರೆಯಿರಿ. ಒಳಗೆ ‘ಮೊಜ್_ಕುಕೀಸ್’ ಅನ್ನುವ ಟೇಬಲ್ ಇದೆ. ಅದರಲ್ಲಿ ಸಾಲುಗಳು ಎಷ್ಟಿವೆ ಎಣಿಸಿ. ಫೈಲ್ ಗಾತ್ರ ಕುಗ್ಗಲಿಲ್ಲ ಅಂತ ಗಾಬರಿ ಬೇಡ. ಸಾಲು ಅಳಿದರೂ ಡೇಟಾಬೇಸ್ ಫೈಲ್ ತಾನಾಗಿ ಸಣ್ಣದಾಗುವುದಿಲ್ಲ.

ಮೂರರಲ್ಲಿ ಹೆಚ್ಚು ಹಿಡಿತ ಕೊಡುವುದು ಫೈರ್‌ಫಾಕ್ಸ್. ಹೆಚ್ಚು ಗೊಂದಲ ಮಾಡುವುದೂ ಅದೇ. ಪ್ರೈವಸಿ ಅಂಡ್ ಸೆಕ್ಯುರಿಟಿ ಪುಟದಲ್ಲಿ ಕುಕೀಸ್ ಭಾಗದಡಿ ಒಂದು ಟಿಕ್, ಕೆಳಗೆ ಹಿಸ್ಟರಿ ಭಾಗದಲ್ಲಿ ಕಸ್ಟಮ್ ಸೆಟಿಂಗ್ಸ್ ಆರಿಸಿದರೆ ಇನ್ನೊಂದು. ಈಗಿನ ಆವೃತ್ತಿಗಳಲ್ಲಿ ಇವೆರಡೂ ಒಳಗೊಳಗೇ ಜೋಡಿಸಿಕೊಂಡಿವೆ. ಆದರೂ ಹಿಸ್ಟರಿ ಟಿಕ್ ಪಕ್ಕದ ಸೆಟಿಂಗ್ಸ್ ಗುಂಡಿ ಒತ್ತಿ, ಕುಕೀ ಮತ್ತು ಸೈಟ್ ಡೇಟಾಗೆ ಗುರುತು ಬಿದ್ದಿದೆಯೇ ಅಂತ ಕಣ್ಣಾರೆ ನೋಡುವುದು ಒಳ್ಳೆಯದು.

ಅಲ್ಲೇ ಇನ್ನೊಂದು ಗುರುತಿದೆ: ಸೈಟ್ ಸೆಟಿಂಗ್ಸ್. ಎಲ್ಲ ಸ್ವಚ್ಛವಾಗಲಿ ಅಂತ ಅದಕ್ಕೂ ಟಿಕ್ ಹಾಕಿದಿರೋ, ‘ಈ ನಾಲ್ಕು ಸೈಟ್ ಮಾತ್ರ ಬಿಡು’ ಅಂತ ನೀವು ಬರೆದಿಟ್ಟ ವಿನಾಯಿತಿ ಪಟ್ಟಿಯೂ ಮುಚ್ಚುವಾಗ ಅಳಿಸಿಹೋಗುತ್ತದೆ. ಉಳಿಯಬೇಕಾದ ಲಾಗಿನ್ ದಿನಾ ಹೋಗುವುದಕ್ಕೆ ಇದೊಂದು ಕಾರಣ. ಉಲ್ಟಾ ತೊಂದರೆಯೂ ಇದೇ ಪಟ್ಟಿಯಿಂದ ಬರುತ್ತದೆ. ಮ್ಯಾನೇಜ್ ಎಕ್ಸೆಪ್ಷನ್ಸ್ ತೆರೆದು ನೋಡಿ. ಯಾವತ್ತೋ ‘ಅಲೋ’ ಕೊಟ್ಟು ಮರೆತ ಸೈಟ್ ಇದ್ದರೆ ಅದರ ಕುಕೀ ಎಷ್ಟು ಸಲ ಮುಚ್ಚಿದರೂ ಹೋಗುವುದಿಲ್ಲ. ಮುಖ್ಯ ಡೊಮೇನ್‌ಗೆ, ಅಂದರೆ ಸೈಟಿನ ಮೂಲ ಹೆಸರಿಗೆ, ಕೊಟ್ಟ ಅನುಮತಿ ಅದರ ಸಬ್‌ಡೊಮೇನ್‌ಗಳಿಗೂ (ಆ ಹೆಸರಿನ ಮುಂದೆ ಇನ್ನೊಂದು ಪದ ಸೇರಿದ ವಿಳಾಸಗಳು) ಸಲ್ಲುತ್ತದೆ. ಎಚ್‌ಟಿಟಿಪಿ ವಿಳಾಸಕ್ಕೆ ಕೊಟ್ಟದ್ದು ಎಚ್‌ಟಿಟಿಪಿಎಸ್‌ಗೆ ಸಲ್ಲುವುದಿಲ್ಲ. ಬಳಸುವಾಗ ಮಾತ್ರ ಇರಲಿ ಅನ್ನುವ ಸೈಟ್‌ಗೆ ‘ಅಲೋ ಫಾರ್ ಸೆಷನ್’ ಕೊಡಬೇಕು.

ಇಷ್ಟಾದರೂ ಟಿಕ್ ತಾನಾಗಿಯೇ ಮಾಯವಾಗುತ್ತಿದೆಯೇ? ಪ್ರೊಫೈಲ್ ಫೋಲ್ಡರ್‌ನಲ್ಲಿ ‘ಯೂಸರ್.ಜೆಎಸ್’ ಫೈಲ್ ಇದೆಯೇ ಹುಡುಕಿ. ಅದರಲ್ಲಿ ಬರೆದದ್ದು ಪ್ರತಿ ಸಲ ಬ್ರೌಸರ್ ತೆರೆದಾಗ ನಿಮ್ಮ ಆಯ್ಕೆಯ ಮೇಲೆ ಬಂದು ಕೂರುತ್ತದೆ. ಕಚೇರಿಯ ಕಂಪ್ಯೂಟರ್ ಆದರೆ ವಿಳಾಸದ ಪಟ್ಟಿಯಲ್ಲಿ ‘ಅಬೌಟ್:ಪಾಲಿಸೀಸ್’ ತೆರೆದು ನೋಡಿ. ಐಟಿ ವಿಭಾಗ ಹಾಕಿದ ಬೀಗವಾದರೆ ನಿಮ್ಮ ಕೈಲಿ ಏನೂ ಇಲ್ಲ.

ಬ್ರೌಸರ್ ಕ್ರ್ಯಾಶ್ ಆದರೆ, ಟಾಸ್ಕ್ ಮ್ಯಾನೇಜರ್‌ನಿಂದ ಕೊಂದರೆ, ಆ ಹೊತ್ತಿಗೆ ಅಳಿಸುವ ಕೆಲಸ ನಡೆಯುವುದಿಲ್ಲ. ಫೈರ್‌ಫಾಕ್ಸ್ ಅದನ್ನು ಬಾಕಿ ಅಂತ ಬರೆದಿಟ್ಟುಕೊಂಡು ಮುಂದಿನ ಸಲ ತೆರೆದಾಗ ತೀರಿಸುತ್ತದೆ. ಮೆಚ್ಚಬೇಕಾದ ಏರ್ಪಾಡು.

ಕ್ರೋಮ್ ಈ ಆಯ್ಕೆಯನ್ನು ಯಾರಿಗೂ ಸಿಗಬಾರದು ಅನ್ನುವಷ್ಟು ಒಳಗೆ ಹುದುಗಿಸಿದೆ: ಸೆಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟಿಂಗ್ಸ್, ಅಡಿಷನಲ್ ಕಂಟೆಂಟ್ ಸೆಟಿಂಗ್ಸ್, ಆನ್-ಡಿವೈಸ್ ಸೈಟ್ ಡೇಟಾ. ಐದು ಮೆಟ್ಟಿಲು. ಅದು ಸಿಕ್ಕಿದ ಮೇಲೂ ಸಿಸ್ಟಮ್ ಭಾಗಕ್ಕೆ ಹೋಗಿ, ಕ್ರೋಮ್ ಮುಚ್ಚಿದ ಮೇಲೂ ಬ್ಯಾಕ್‌ಗ್ರೌಂಡ್ ಆಪ್‌ಗಳನ್ನು ಓಡಿಸುವ ಸ್ವಿಚ್ ಆಫ್ ಮಾಡಿ. ಅದು ಆನ್ ಇದ್ದರೆ ಗಡಿಯಾರದ ಪಕ್ಕ ಕ್ರೋಮ್ ಐಕಾನ್ ಜೀವ ಹಿಡಿದುಕೊಂಡು ಕೂತಿರಬಹುದು. ‘ಬಿಟ್ಟಲ್ಲಿಂದ ಮುಂದುವರಿಸು’ ಆಯ್ಕೆಯೂ ತೊಡಕಿನದೇ. ಬ್ರೌಸರ್ ಮುಚ್ಚಿದಾಗ ತಾವಾಗಿ ಹೋಗಬೇಕಾದ ಸೆಷನ್ ಕುಕೀಗಳನ್ನು ಅದು ಮುಂದಿನ ಸಲಕ್ಕೂ ಉಳಿಸಿಕೊಳ್ಳುತ್ತದೆ. ಸೆಷನ್ ಕುಕೀ ತಾನೇ, ಹೋಗುತ್ತದೆ ಬಿಡು ಅಂದುಕೊಂಡವರು ಎಡವುವುದು ಇಲ್ಲೇ.

ಎಲ್ಲ ಸರಿಯಾಗಿ ಕೆಲಸ ಮಾಡಿದರೆ ಇನ್ನೊಂದು ಕಿರಿಕಿರಿ ಶುರು: ಕ್ರೋಮ್ ತೆರೆದಾಗಲೆಲ್ಲ ಸಿಂಕ್ (ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಗೂಗಲ್ ಖಾತೆಯ ಜೊತೆ ಹೊಂದಿಸುವ ಕೆಲಸ) ‘ಪಾಸ್ಡ್’, ಅಂದರೆ ಸದ್ಯಕ್ಕೆ ನಿಂತಿದೆ, ಅನ್ನುತ್ತದೆ. ಗೂಗಲ್ ಖಾತೆಯ ಕುಕೀಯೂ ಅಳಿದಿರುವುದೇ ಅದಕ್ಕೆ ಕಾರಣ. ಸಿಂಕ್ ಬೇಕಾದರೆ ‘ಅಕೌಂಟ್ಸ್.ಗೂಗಲ್.ಕಾಮ್’ ಅನ್ನು ವಿನಾಯಿತಿಗೆ ಸೇರಿಸಿ.

ಎಡ್ಜ್‌ನಲ್ಲಿ ಆಯ್ಕೆ ಎದುರಿಗೇ ಸಿಗುತ್ತದೆ, ಯಾವ ಸೈಟ್ ಉಳಿಯಬೇಕು ಅಂತ ಪಕ್ಕದಲ್ಲೇ ಸೇರಿಸಬಹುದು. ಜೋಡಣೆಯ ಮಟ್ಟಿಗೆ ಮೂರರಲ್ಲಿ ಇದೇ ಅಚ್ಚುಕಟ್ಟು. ಆದರೆ ಸ್ಟಾರ್ಟಪ್ ಬೂಸ್ಟ್ ಅನ್ನುವುದು ಅದರ ಪ್ರೋಸೆಸ್‌ಗಳನ್ನು ಹಿನ್ನೆಲೆಯಲ್ಲಿ ಸಾಕಿಕೊಂಡಿರುತ್ತದೆ. ಪರೀಕ್ಷೆಗೆ ಮುಂಚೆ ಅದನ್ನೂ, ಮುಚ್ಚಿದ ಮೇಲೆ ಎಕ್ಸ್‌ಟೆನ್ಷನ್ ಓಡಿಸುವ ಸ್ವಿಚ್ಚನ್ನೂ ಆಫ್ ಮಾಡಿ.

ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲಿ ಹೊರಡುವಾಗ ಅಳಿಸುವ ಆಯ್ಕೆ ಆನ್ ಮಾಡಿದರೆ ಮೆನುವಿನಲ್ಲಿ ‘ಕ್ವಿಟ್’ ಅನ್ನುವುದು ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಅದನ್ನು ಒತ್ತಿದರೆ ಮಾತ್ರ ಕುಕೀ ಹೋಗುತ್ತವೆ. ಇತ್ತೀಚಿನ ಆಪ್‌ಗಳ ಸಾಲಿನಿಂದ ಬೆರಳಲ್ಲಿ ತಳ್ಳಿಹಾಕಿದರೆ ಒಂದೂ ಕದಲುವುದಿಲ್ಲ.