ಐದು ವರ್ಷ ಬಳಸಿದ 12 ಎಂಎಂ ರೌಟರ್: ಸ್ವಿಚ್ ಒತ್ತುವ ಮುಂಚಿನ ಕೆಲಸವೇ ಜಾಸ್ತಿ

2020ರ ಕೊನೆಯಲ್ಲಿ ತಗೊಂಡ ಮೆಷಿನ್ ಇದು, ಬಿಟ್ ಅನ್ನುವ ಕತ್ತರಿಸುವ ತುದಿಯನ್ನು ಜೋರಾಗಿ ತಿರುಗಿಸಿ ಮರ ಕೊರೆಯುವ ರೌಟರ್. 1600 ವ್ಯಾಟ್, 12 ಎಂಎಂ ಕಾಲೆಟ್ (ಬಿಟ್ ಹಿಡಿಯುವ ಬಾಯಿ), ಪ್ಲಂಜ್ ಮಾದರಿ (ಬಿಟ್ಟನ್ನು ಮೇಲಿಂದ ಮರದೊಳಗೆ ಒತ್ತಿ ಇಳಿಸುವಂಥದ್ದು), ತೂಕ ಹತ್ತಿರ ಹತ್ತಿರ ಆರು ಕೆಜಿ. ಸ್ಪೀಡ್ ಕಂಟ್ರೋಲ್ ಇಲ್ಲ, ಯಾವಾಗಲೂ ನಿಮಿಷಕ್ಕೆ 22,000 ಸುತ್ತು. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಆಕಾರದ, ಎರಡು ಕಂಬದ ಮೇಲೆ ಮೇಲೆ ಕೆಳಗೆ ಆಡುವ ಮೆಷಿನ್ ಹತ್ತು ಹೆಸರಲ್ಲಿ, ಹತ್ತು ಬಣ್ಣದಲ್ಲಿ ಸಿಗುತ್ತದೆ. ಗುಣ ದೋಷ ಹೆಚ್ಚು ಕಮ್ಮಿ ಒಂದೇ.

ನನ್ನದು ಮಲೆನಾಡಿನಲ್ಲಿ ಒಂದು ಸಣ್ಣ ಶೆಡ್. ಬಾಗಿಲು, ಕಿಟಕಿ ಶಟರ್, ದೇವರ ಮಂಟಪ, ಆಗೊಮ್ಮೆ ಈಗೊಮ್ಮೆ ಊಟದ ಟೇಬಲ್. ಮರ ಅಂದರೆ ತೇಗ, ಹಲಸು, ಅಕೇಶಿಯಾ, ಜೊತೆಗೆ ಪ್ಲೈವುಡ್ಡು. ಈ ರೌಟರ್ ಬರುವ ಮುಂಚೆ ಗಾಡಿ ಹೊಡೆಯುವುದು (ಅಂದರೆ ಮರದಲ್ಲಿ ಉದ್ದಕ್ಕೆ ಕಾಲುವೆ ಥರ ತೋಡುವುದು), ಹಿಂಜಿಗೆ ಗುಳಿ ತೆಗೆಯುವುದು ಎಲ್ಲ ಉಳಿಯಲ್ಲೇ. ಒಂದು ಬಾಗಿಲಿಗೆ ಮೂರು ಹಿಂಜಿನ ಗುಳಿ ತೆಗೆಯಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಈಗ ಹತ್ತು ನಿಮಿಷ. ಆದರೆ ಆ ಹತ್ತು ನಿಮಿಷದಲ್ಲಿ ಮೆಷಿನ್ ಓಡುವುದು ಎರಡೇ ನಿಮಿಷ. ಉಳಿದ ಎಂಟು ನಿಮಿಷ ಅಳೆಯುವುದು, ಬಿಗಿಯುವುದು, ಮತ್ತೆ ನೋಡುವುದು. ಈ ವಿಮರ್ಶೆಯೂ ಬಹುಪಾಲು ಆ ಎಂಟು ನಿಮಿಷದ ಬಗ್ಗೆಯೇ.

ಪವರ್ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಸಾಕು. ಐದು ವರ್ಷದಲ್ಲಿ ಒಮ್ಮೆಯೂ ಉಸಿರು ಕಟ್ಟಿಲ್ಲ. ಒಣಗಿದ ಅಕೇಶಿಯಾದಲ್ಲಿ ಸ್ವಲ್ಪ ಗೊಣಗುತ್ತದೆ ಅಷ್ಟೆ. ನನ್ನ ತಕರಾರು ಬೇರೆ.

ಮೊದಲನೆಯದು ಕಾಲೆಟ್. ಅಂದರೆ ಬಿಟ್ಟಿನ ಕಾಲನ್ನು ಹಿಡಿದುಕೊಳ್ಳುವ ಸೀಳಿದ ಬುಷ್ಷು. ಡಬ್ಬದಲ್ಲಿ 12 ಎಂಎಂ ಕಾಲೆಟ್ ಇತ್ತು, 8 ಮತ್ತು 6 ಎಂಎಂ ಬಿಟ್ ಹಾಕಲು ಎರಡು ಸ್ಲೀವ್ ಇತ್ತು. ಅಂಗಡಿಯಲ್ಲಿ ಸಿಗುವ ಬಿಟ್ಟುಗಳಲ್ಲಿ ಅರ್ಧ ಎಂಎಂ ಲೆಕ್ಕದವು, ಅರ್ಧ ಇಂಚಿನ ಲೆಕ್ಕದವು. ಕಾಲಿಂಚು ಅಂದರೆ 6.35 ಎಂಎಂ, ಅರ್ಧ ಇಂಚು ಅಂದರೆ 12.7. ಕಣ್ಣಿಗೆ 6 ಎಂಎಂ ಮತ್ತು ಕಾಲಿಂಚು, 12 ಎಂಎಂ ಮತ್ತು ಅರ್ಧ ಇಂಚು ಒಂದೇ ಥರ ಕಾಣುತ್ತವೆ. ದಪ್ಪದ್ದು ಸಣ್ಣ ತೂತಿಗೆ ಹೋಗುವುದೇ ಇಲ್ಲ, ಹಾಗಾಗಿ ಅದರಿಂದ ತೊಂದರೆಯಿಲ್ಲ. ಅಪಾಯ ಇರುವುದು ತೆಳ್ಳಗಿನದನ್ನು ದೊಡ್ಡ ತೂತಿಗೆ ಹಾಕಿದಾಗ. ನಟ್ ಬಿಗಿಯುತ್ತದೆ, ಕೈಯಲ್ಲಿ ಎಳೆದರೆ ಬರುವುದಿಲ್ಲ, ಎಲ್ಲ ಸರಿ ಇದೆ ಅನ್ನಿಸುತ್ತದೆ.

ನಾನು ಎರಡನೇ ವರ್ಷ ಕಾಲಿಂಚಿನ ಸ್ಲೀವ್ ಒಂದನ್ನು ಬೇರೆಯಾಗಿ ಕೊಂಡು ತಂದು ಅದೇ ಡಬ್ಬಕ್ಕೆ ಹಾಕಿಟ್ಟಿದ್ದೆ. ಒಂದು ದಿನ ಗಡಿಬಿಡಿಯಲ್ಲಿ 6 ಎಂಎಂ ಬಿಟ್ಟಿಗೆ ಅದನ್ನೇ ಏರಿಸಿದೆ. ತೇಗದ ಶಟರ್, ಗಾಜು ಕೂರಿಸಲು 6 ಎಂಎಂ ಆಳದ ಗಾಡಿ. ಶುರುವಿನಲ್ಲಿ ಸರಿಯಾಗೇ ಹೋಯಿತು. ಅರ್ಧ ದಾರಿಯಲ್ಲಿ ಮೆಷಿನ್ನಿನ ಸದ್ದು ಸ್ವಲ್ಪ ದಪ್ಪವಾಯಿತು. ಮರ ಗಟ್ಟಿ ಇರಬೇಕು ಅಂದುಕೊಂಡು ಮುಂದೆ ತಳ್ಳಿದೆ. ಮುಗಿಸಿ ಎತ್ತಿ ನೋಡಿದರೆ ಗಾಡಿ ಇಳಿಜಾರು ಚರಂಡಿಯ ಹಾಗೆ ಆಗಿತ್ತು. ಈ ತುದಿಯಲ್ಲಿ 6 ಎಂಎಂ, ಆ ತುದಿಯಲ್ಲಿ 9. ಬಿಟ್ಟು ತಿರುಗುತ್ತಾ ತಿರುಗುತ್ತಾ ಕಾಲೆಟ್ಟಿಂದ ಕೆಳಗೆ ಜಾರುತ್ತಾ ಬಂದಿತ್ತು. ಇನ್ನೆರಡು ಅಡಿ ಹೋಗಿದ್ದರೆ ಪೂರ್ತಿ ಕಳಚಿಕೊಳ್ಳುತ್ತಿತ್ತೋ ಏನೋ. ಶಟರ್ ಹಾಳಾಯಿತು, ನಾನು ಉಳಿದೆ. ಈಗ ಇಂಚಿನ ಸಾಮಾನಿಗೆ ಬೇರೆ ಡಬ್ಬ, ಮುಚ್ಚಳದ ಮೇಲೆ ಕೆಂಪು ಟೇಪು.

ಬಿಟ್ ಹಾಕುವ ಕ್ರಮವನ್ನೂ ಹೇಳಿಬಿಡುತ್ತೇನೆ, ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದಿದೆ. ಮೊದಲು ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವುದು ಸಾಲದು, ಪ್ಲಗ್ ನಿಮ್ಮ ಕಣ್ಣೆದುರು ಇರಬೇಕು. ಕಾಲೆಟ್ ಒಳಗೆ ಒಮ್ಮೆ ಉಫ್ ಅಂತ ಊದಿ, ಹೊಟ್ಟು ಕೂತಿದ್ದರೆ ಹಿಡಿತ ಸಿಗುವುದಿಲ್ಲ. ಬಿಟ್ಟನ್ನು ತಳ ಮುಟ್ಟುವ ತನಕ ಒಳಗೆ ಬಿಡಿ, ಆಮೇಲೆ ಎರಡು ಮೂರು ಎಂಎಂ ಮೇಲಕ್ಕೆ ಎಳೆಯಿರಿ. ನಟ್ ಬಿಗಿಯುವಾಗ ಕಾಲೆಟ್ ಬಿಟ್ಟನ್ನೂ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ. ತಳಕ್ಕೆ ತಾಗಿಕೊಂಡಿದ್ದರೆ ಎಳೆಯಲು ಜಾಗವೇ ಇರುವುದಿಲ್ಲ, ನಟ್ ಬಿಗಿಯಾದಂತೆ ಅನ್ನಿಸಿದರೂ ಹಿಡಿತ ಅರೆಬರೆ. ಇನ್ನೊಂದು, ಬಿಟ್ ಇಲ್ಲದೆ ಖಾಲಿ ಕಾಲೆಟ್ಟನ್ನು ಸ್ಪಾನರ್ ಹಾಕಿ ಬಿಗಿದು ಇಡಬೇಡಿ. ಅದು ಕುಗ್ಗಿ ಆಕಾರ ಕೆಡುತ್ತದೆ.

ಆಳ ಹಿಡಿಯುವ ವಿಷಯಕ್ಕೆ ಬಂದರೆ, ಈ ಮೆಷಿನ್ನಿನ ಸ್ಕೇಲನ್ನು ನಾನು ನಂಬುವುದೇ ಇಲ್ಲ. ಗೀಟು ದಪ್ಪ, ಮುಳ್ಳು ಅಲ್ಲಾಡುತ್ತದೆ. ಆದರೆ ಸ್ಕೇಲ್ ಬೇಕಾಗಿಯೂ ಇಲ್ಲ. ಮೆಷಿನ್ನನ್ನು ಮರದ ಮೇಲೆ ಇಟ್ಟು, ಬಿಟ್ಟಿನ ತುದಿ ಮರಕ್ಕೆ ತಾಗುವ ತನಕ ಒತ್ತಿ ಲಿವರ್ ಬಿಗಿಯಿರಿ. ಕೆಳಗೆ ಮೂರು ಮೆಟ್ಟಿಲ ತಿರುಗಣೆ ಇರುತ್ತದಲ್ಲ, ಅದರ ಮೇಲೆ 6 ಎಂಎಂ ಡ್ರಿಲ್ ಬಿಟ್ಟಿನ ಹಿಂಬದಿಯ ನುಣುಪು ಕಾಲನ್ನು ಅಡ್ಡ ಇಡಿ. ಆಳ ನಿಲ್ಲಿಸುವ ಸ್ಟಾಪ್ ಕಂಬಿಯನ್ನು ಅದರ ಮೇಲೆ ಇಳಿಸಿ ಸ್ಕ್ರೂ ಬಿಗಿಯಿರಿ. ಡ್ರಿಲ್ ಬಿಟ್ ತೆಗೆದರೆ ಸರಿಯಾಗಿ 6 ಎಂಎಂ ಆಳ ಸಿಕ್ಕಿತು. ಹಿಂಜಿಗಾದರೆ ಇನ್ನೂ ಸುಲಭ. ಯಾವ ಹಿಂಜ್ ಹಾಕುತ್ತೀರೋ ಅದರ ಎಲೆಯನ್ನೇ ಅಲ್ಲಿ ಇಟ್ಟರಾಯಿತು. ಎಲೆ ಎಷ್ಟು ದಪ್ಪವೋ ಗುಳಿ ಅಷ್ಟೇ ಆಳ. ಅಳತೆಯ ಗೊಡವೆಯೇ ಇಲ್ಲ. ಆದರೂ ಒಂದು ತುಂಡು ಮರದ ಮೇಲೆ ಒಮ್ಮೆ ಹೊಡೆದು ನೋಡಿಯೇ ನಾನು ಬಾಗಿಲಿಗೆ ಕೈ ಹಾಕುವುದು.

ಮೂರು ಮೆಟ್ಟಿಲು ಇರುವುದು ಒಂದೇ ಸಲಕ್ಕೆ ಆಳಕ್ಕೆ ಇಳಿಯದಿರಲಿ ಅಂತ. ತೇಗದಲ್ಲಿ ನಾನು ಒಂದು ಸಲಕ್ಕೆ 4 ಎಂಎಂ ದಾಟುವುದಿಲ್ಲ, ಅಕೇಶಿಯಾದಲ್ಲಿ 3. ಬಿಟ್ ಸಣ್ಣದಿದ್ದರೆ ಅದರ ದಪ್ಪದ ಅರ್ಧದಷ್ಟು ಮಾತ್ರ. 12 ಎಂಎಂ ಗಾಡಿಯನ್ನು ಒಂದೇ ಉಸಿರಿಗೆ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಎರಡು ಬಿಟ್ ಮುರಿದ ಮೇಲೆ ಹೋಯಿತು.

ಇನ್ನು ತಳ್ಳುವ ದಿಕ್ಕು. ಇದನ್ನು ಯೂಟ್ಯೂಬಿನಲ್ಲಿ ಬಾಣದ ಗುರುತು ಹಾಕಿ ಏನೇನೋ ತೋರಿಸುತ್ತಾರೆ, ನನಗೆ ಮಾತ್ರ ತಲೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ಅರ್ಥ ಮಾಡಿಸಿದ್ದು ನಮ್ಮ ಪಕ್ಕದೂರಿನ ಮರಗೆಲಸದ ಆಚಾರ್ರು. ರೌಟರ್ ಮುಟ್ಟಿದವರೇ ಅಲ್ಲ ಅವರು, ನಾನು ಹಲಗೆಯ ಅಂಚಿಗೆ ಮೋಲ್ಡಿಂಗ್ (ಅಂಚಿನ ಅಲಂಕಾರದ ಆಕಾರ) ಹೊಡೆಯುವುದನ್ನು ಸುಮ್ನೆ ನೋಡುತ್ತಾ ಕೂತಿದ್ದರು. "ಎಂತ ಮಾರಾಯ, ಹೊರಗಡೆ ಅಪ್ರದಕ್ಷಿಣೆ ಬರ್ತೀಯ, ಚೌಕಟ್ಟಿನ ಒಳಗೆ ಹೋದ್ರೆ ಪ್ರದಕ್ಷಿಣೆ ಮಾಡ್ತೀಯ" ಅಂದರು. ಅಷ್ಟೇ! ಗುಡಿ ಸುತ್ತುವಾಗ ದೇವರು ನಮ್ಮ ಬಲಕ್ಕೆ ಇರುತ್ತಾನೆ. ರೌಟರ್ ಮುಂದೆ ಹೋಗುವಾಗ ಮರ ಅದರ ಎಡಕ್ಕೆ ಇರಬೇಕು. ಹೊರ ಅಂಚಾದರೂ ಅಷ್ಟೆ, ಒಳ ಅಂಚಾದರೂ ಅಷ್ಟೆ. ಮೇಲಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಮರ ಎಡಕ್ಕಿದ್ದರೆ ಮೆಷಿನ್ ನಿಮ್ಮ ಕಡೆಗೆ ಒತ್ತುತ್ತದೆ, ನೀವು ತಳ್ಳಿದಷ್ಟೇ ಹೋಗುತ್ತದೆ. ಬಲಕ್ಕಿದ್ದರೆ ಬಿಟ್ಟು ಮರದ ಮೇಲೆ ಚಕ್ರದ ಹಾಗೆ ಓಡಲು ನೋಡುತ್ತದೆ. ಆರು ಕೆಜಿಯ ಮೆಷಿನ್ ಕೈಯಿಂದ ಕಿತ್ತುಕೊಂಡು ಓಡಿದರೆ ಏನಾಗುತ್ತದೆ ಅಂತ ಬರೆಯಬೇಕಿಲ್ಲ ಅಲ್ವಾ.

ಹಲಗೆಯ ನಾಲ್ಕೂ ಅಂಚಿಗೆ ಹೊಡೆಯುವುದಿದ್ದರೆ ಮೊದಲು ಅಡ್ಡ ತುದಿಗಳು, ಆಮೇಲೆ ಉದ್ದದ ಅಂಚು. ಅಡ್ಡ ತುದಿಯಲ್ಲಿ ಮೂಲೆ ಸ್ವಲ್ಪ ಸಿಬರೆದ್ದರೂ ಉದ್ದ ಹೊಡೆಯುವಾಗ ಅದು ಕೊಚ್ಚಿ ಹೋಗುತ್ತದೆ. ಹಲಸಿನಲ್ಲಿ ಇದನ್ನು ಮರೆತರೆ ಮೂಲೆಯೇ ಹಾರುತ್ತದೆ. ಹಲಗೆಯ ನಡುವೆ ಗಾಡಿ ಹೊಡೆಯಲು ಆನಿಕೆಗೆ ಒಂದು ನೇರ ಪಟ್ಟಿ ಕ್ಲಾಂಪ್ ಮಾಡುತ್ತೀರಾದರೆ, ನಿಮ್ಮಿಂದ ಆಚೆಗೆ ತಳ್ಳುವಾಗ ಪಟ್ಟಿ ಎಡಗಡೆ ಇರಲಿ. ಮೆಷಿನ್ ಎಡಕ್ಕೇ ವಾಲುವುದು, ಪಟ್ಟಿಗೆ ತಾನೇ ಅಂಟಿಕೊಂಡು ಹೋಗುತ್ತದೆ.

ಈಗ ದೊಡ್ಡ ದೂರು. ಈ ಮೆಷಿನ್ನಿನ ಸ್ವಿಚ್ ಪಕ್ಕ ಒಂದು ಲಾಕ್ ಗುಂಡಿ ಇದೆ. ಸ್ವಿಚ್ ಒತ್ತಿ ಅದನ್ನು ಒಳಗೆ ದೂಡಿದರೆ ಬೆರಳು ತೆಗೆದರೂ ಓಡುತ್ತಿರುತ್ತದೆ. ಉದ್ದದ ಕೆಲಸಕ್ಕೆ ಅನುಕೂಲವೇ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಮೂರನೇ ವರ್ಷದ ಜುಲೈ. ಲಾಕ್ ಹಾಕಿಕೊಂಡು ಗಾಡಿ ಹೊಡೆಯುತ್ತಿದ್ದೆ, ಕರೆಂಟು ಹೋಯಿತು. ಮೆಷಿನ್ ನಿಂತಿತು. ಅದನ್ನು ಹಾಗೇ ಬೆಂಚಿನ ಮೇಲೆ ಮಗ್ಗುಲಾಗಿ ಮಲಗಿಸಿ ಕಾಫಿಗೆ ಹೋದೆ. ಆಳದ ಲಿವರ್ ಕೂಡ ಸಡಿಲಿಸಿರಲಿಲ್ಲ, ಬಿಟ್ಟು ತಳದಿಂದ ಹೊರಗೆ ಇಣುಕುತ್ತಿತ್ತು.

ವಾಪಸ್ ಬಂದು ಪೆನ್ಸಿಲ್ ಹುಡುಕುತ್ತಿದ್ದೆ. ಬೆಂಚಿನಿಂದ ನಾಲ್ಕಡಿ ದೂರ ಇದ್ದಿರಬಹುದು. ಟ್ಯೂಬ್‌ಲೈಟು ಮಿಣುಕ್ ಅಂದಿತು, ಅದರ ಜೊತೆಗೇ ರೌಟರ್ ಅಬ್ಬರಿಸಿತು. ಬಿಟ್ಟು ಬೆಂಚಿಗೆ ಕಚ್ಚಿ, ಮೆಷಿನ್ ಮೀನಿನ ಹಾಗೆ ಒಂದು ಸಲ ಎಗರಿ, ಅಲ್ಲಿದ್ದ ಮಟ್ಟಗೋಲನ್ನು ಬೀಳಿಸಿ, ವೈರ್ ಎಳೆದುಕೊಂಡು ನೆಲಕ್ಕೆ ಬಿತ್ತು. ಬಿದ್ದ ಮೇಲೂ ಓಡುತ್ತಿತ್ತು. ನಾನು ಗೋಡೆಯ ಸ್ವಿಚ್ ಆರಿಸಿದೆ. ಬೆಂಚಿನ ಮೇಲೆ ಅರ್ಧ ಚಂದ್ರನ ಆಕಾರದ ಗಾಯ ಈಗಲೂ ಇದೆ. ಅದನ್ನು ತುಂಬಿಸಿಲ್ಲ.

ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದವರಿಗೆ ಗೊತ್ತು. ಕರೆಂಟು ಹೋದರೆ ಅದು ಬೀಳುತ್ತದೆ, ಬಂದ ಮೇಲೆ ಹಸಿರು ಗುಂಡಿ ಒತ್ತಿದರೇ ಏಳುವುದು. ಅದೇ ಬುದ್ಧಿ ಈ ಮೆಷಿನ್ನಿಗೂ ಇರಬೇಕಿತ್ತು. ಸ್ವಲ್ಪ ದುಬಾರಿ ಮೆಷಿನ್ನುಗಳಲ್ಲಿ ಇರುತ್ತದೆ, ಇದರಲ್ಲಿ ಇಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಹೇಳಿ ಬೆಂಚಿನ ಬೋರ್ಡಿಗೇ ಅಂಥದೊಂದು ಸ್ಟಾರ್ಟರ್ ಹಾಕಿಸಿಕೊಂಡೆ. ಅದರ ಮೇಲೂ ಲಾಕ್ ಗುಂಡಿ ಮುಟ್ಟುವುದನ್ನು ಬಿಟ್ಟಿದ್ದೇನೆ. ಮೆಷಿನ್ ಕೆಳಗಿಡುವ ಮುಂಚೆ ಲಿವರ್ ಸಡಿಲಿಸಿ ಬಿಟ್ಟನ್ನು ಮೇಲೆ ಬಿಡುತ್ತೇನೆ, ಸ್ಪ್ರಿಂಗ್ ಅದನ್ನು ತಳದೊಳಗೆ ಎಳೆದುಕೊಳ್ಳುತ್ತದೆ. ಪ್ಲಂಜ್ ರೌಟರ್ ತಗೊಂಡ ದೊಡ್ಡ ಲಾಭವೇ ಅದು, ಆ ದಿನ ಅದನ್ನೇ ಬಳಸಿರಲಿಲ್ಲ ನಾನು.

ಎರಡನೇ ಕೊರತೆ ಸ್ಪೀಡ್ ಕಂಟ್ರೋಲ್. ಸಣ್ಣ ಬಿಟ್ಟಿಗೆ 22,000 ಸುತ್ತು ಸರಿ. 6 ಎಂಎಂ ಬಿಟ್ಟಿನ ಅಂಚು ಆ ವೇಗದಲ್ಲಿ ಗಂಟೆಗೆ ಸುಮಾರು 25 ಕಿಲೋಮೀಟರ್ ಹೋಗುತ್ತದೆ, ಸೈಕಲ್ ಲೆಕ್ಕ. ಅದೇ 50 ಎಂಎಂ ಅಗಲದ ಬಿಟ್ ಹಾಕಿದರೆ ಅಂಚಿನ ವೇಗ 200 ದಾಟುತ್ತದೆ. ಅಷ್ಟು ದೊಡ್ಡ ಬಿಟ್ಟನ್ನು 12,000 ರಿಂದ 16,000ದ ಒಳಗೇ ಓಡಿಸಬೇಕು. ಹಾಗಾಗಿ ಬಾಗಿಲಿನ ಪ್ಯಾನೆಲ್ ತಗ್ಗಿಸುವ ದೊಡ್ಡ ಬಿಟ್ಟುಗಳನ್ನು ನಾನು ಇದಕ್ಕೆ ಹಾಕುವುದೇ ಇಲ್ಲ. ಫ್ಯಾನ್ ರೆಗ್ಯುಲೇಟರ್ ಜೋಡಿಸಿದರೆ ಆಗಲ್ವಾ ಅಂತ ಒಬ್ಬರು ಕೇಳಿದ್ದರು. ಒಂದು ಸೀಲಿಂಗ್ ಫ್ಯಾನ್ ಓಡಿಸುವ ರೆಗ್ಯುಲೇಟರ್ 1600 ವ್ಯಾಟ್ ತಡೆಯುತ್ತದಾ? ಸುಟ್ಟ ವಾಸನೆ ಬರುತ್ತದೆ ಅಷ್ಟೆ. ಸಾಫ್ಟ್ ಸ್ಟಾರ್ಟ್, ಅಂದರೆ ವೇಗ ನಿಧಾನಕ್ಕೆ ಏರುವ ಏರ್ಪಾಡು ಕೂಡ ಇಲ್ಲ, ಆನ್ ಮಾಡಿದ ಕೂಡಲೇ ಕೈ ತಿರುಚುತ್ತದೆ. ಎರಡೂ ಹಿಡಿಕೆ ಹಿಡಿದು, ಬಿಟ್ ಮರಕ್ಕೆ ತಾಗದ ಹಾಗೆ ಆನ್ ಮಾಡಿ, ಪೂರ್ತಿ ವೇಗ ಬಂದ ಮೇಲೇ ಇಳಿಸಬೇಕು.

ಉಳಿದದ್ದು ಬೇಗ ಹೇಳುತ್ತೇನೆ. ಮೋಟರಿಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಎರಡು ಸಲ ಬದಲಾಯಿಸಿದ್ದೇನೆ, ನಾನೇ, ಸ್ಕ್ರೂಡ್ರೈವರ್ ಒಂದರಲ್ಲಿ. ಒಳಗೆ ಕಿಡಿ ಜಾಸ್ತಿ ಕಂಡರೆ ತೆಗೆದು ನೋಡಿ, ಉದ್ದ ಸವೆದು 5 ಎಂಎಂಗೆ ಬಂದಿದ್ದರೆ ಬದಲಾಯಿಸಿ. ಕಂಬಗಳಿಗೆ ಎಣ್ಣೆ ಹಾಕಬೇಡಿ, ಹೊಟ್ಟು ಅಂಟಿ ಗೋಂದಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಮೇಣ ಉಜ್ಜಿದರೆ ಸಾಕು. ಮರ ಕರಕಲಾಗುತ್ತಿದ್ದರೆ ಒಂದೋ ಬಿಟ್ ಮೊಂಡಾಗಿದೆ, ಇಲ್ಲ ನೀವು ತೀರಾ ನಿಧಾನ ತಳ್ಳುತ್ತಿದ್ದೀರಿ. ಧೂಳು ಎಳೆಯುವ ಪೈಪಿನ ಬಾಯಿ ಇದೆ, ಹೆಸರಿಗೆ ಮಾತ್ರ. ಮಾಸ್ಕ್ ಹಾಕಲೇಬೇಕು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೇ ಸೇರಿಸಿದೆ. ಬೀಟೆಯ ಧೂಳು ಮೈಗೆ ತಾಗಿದರೆ ನನಗಂತೂ ರಾತ್ರಿಯೆಲ್ಲ ತುರಿಕೆ. ಕನ್ನಡಕ, ಕಿವಿಗೆ ಮಫ್ ಹಾಕಿ. ಕೈಗವಸು ಬೇಡ, ಹೆಗಲ ಮೇಲಿನ ಟವೆಲ್ಲಂತೂ ಬೇಡವೇ ಬೇಡ.

ಮತ್ತೆ ಕೊಳ್ಳುತ್ತೇನಾ? ಇದನ್ನೇ ಕೊಳ್ಳುವುದಿಲ್ಲ. ಸ್ಪೀಡ್ ಕಂಟ್ರೋಲ್, ಸಾಫ್ಟ್ ಸ್ಟಾರ್ಟ್, ಕರೆಂಟು ಬಂದಾಗ ತಾನಾಗಿ ಓಡದ ಸ್ವಿಚ್ ಇರುವುದಕ್ಕೆ ಇನ್ನೊಂದಿಷ್ಟು ಸಾವಿರ ಹಾಕುತ್ತೇನೆ. ಲ್ಯಾಮಿನೇಟ್ ಅಂಚು, ಸಣ್ಣ ಮೋಲ್ಡಿಂಗ್ ಅಷ್ಟೇ ನಿಮ್ಮ ಕೆಲಸ ಅಂತಾದರೆ ಒಂದು ಕೈಯಲ್ಲಿ ಹಿಡಿಯುವ ಸಣ್ಣ ರೌಟರ್, ಅಂದರೆ ಟ್ರಿಮ್ಮರ್ ಸಾಕು, ಈ ಆನೆ ಬೇಡ.

ಹಳೆಯದನ್ನು ಮಾರುವ ಯೋಚನೆಯೂ ಇಲ್ಲ. ಟೇಬಲ್ ಕೆಳಗೆ ತಲೆಕೆಳಗಾಗಿ ಕೂರಿಸೋಣ ಅಂತಿದ್ದೇನೆ. ಆಗ ಮೆಷಿನ್ ನಿಂತಲ್ಲೇ ನಿಂತಿರುತ್ತದೆ, ಬಿಟ್ಟಿನ ಈಚೆ ಬದಿಯಲ್ಲಿ ಮರವನ್ನೇ ಬಲದಿಂದ ಎಡಕ್ಕೆ ತಳ್ಳಬೇಕು. ಇದನ್ನು ಆಚಾರ್ರಿಗೆ ವಿವರಿಸಿದೆ. ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ, ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಹಂಗಾರೆ ಇನ್ಮೇಲೆ ದೇವರೇ ನಿನ್ನ ಸುತ್ತ ಬರೋದಾ?"